ಅಳೆಯದ ಗಾಳಿಗೆ ಶುದ್ಧತೆಯ ಪ್ರಶಸ್ತಿ

ಮೈಸೂರಿಗರಾದ ನಮಗೆ ನಮ್ಮ ಊರಿನ ಸ್ವಚ್ಛತೆಯ ಬಗೆಗಿರುವ ಹೆಮ್ಮೆ ನಿರಾಧಾರವಾದುದಲ್ಲ. 2015ರ ಆಗಸ್ಟ್ ತಿಂಗಳಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ 476 ನಗರಗಳ ಪಟ್ಟಿಯಲ್ಲಿ ಮೈಸೂರು ಪ್ರಥಮ ಸ್ಥಾನ ಪಡೆಯಿತು. 2016ರ ಫೆಬ್ರವರಿಯಲ್ಲಿ ಪ್ರಕಟವಾದ 73 ನಗರಗಳ ಸ್ವಚ್ಛ ಸರ್ವೇಕ್ಷಣೆಯಲ್ಲಿಯೂ ಮೊದಲ ಸ್ಥಾನ ನಮ್ಮದೇ ಆಯಿತು. 2025ರ ಜುಲೈನಲ್ಲಿ ‘ಸೂಪರ್ ಸ್ವಚ್ಛ ಲೀಗ್’ ಎಂಬ ಹೊಸ ವರ್ಗವನ್ನು ಘೋಷಿಸಿದಾಗ ಅದರಲ್ಲಿಯೂ ಮೈಸೂರಿನ ಹೆಸರಿತ್ತು. ಕೋಳಿ ಕೂಗುವ ಮೊದಲೇ ಎದ್ದು ಬೀದಿ ಗುಡಿಸುವ ಪೌರಕಾರ್ಮಿಕರಿಗೆ ಸಲ್ಲಬೇಕಾದ ಗೌರವ ಅದು. ಅದನ್ನು ಕಡಿಮೆ ಮಾಡುವ ಉದ್ದೇಶ ಈ ಲೇಖನಕ್ಕೆ ಇಲ್ಲ.

ಆದರೆ ಈ ಹೆಮ್ಮೆಯ ಬೆನ್ನಿಗೇ ಒಂದು ತಪ್ಪು ತೀರ್ಮಾನ ಬೆಳೆದು ನಿಂತಿದೆ. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಗಿನ ವಾಯುಸೇವನೆಗೆ ಬರುವ ಗೆಳೆಯರಾಗಲಿ, ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕದಲ್ಲಿ ಕುಳಿತ ನಿವೃತ್ತ ಅಧಿಕಾರಿಗಳಾಗಲಿ, ವಾಹನಗಳ ಹೊಗೆಯ ಮಾತೆತ್ತಿದೊಡನೆ ಒಂದೇ ಉತ್ತರ ಕೊಡುತ್ತಾರೆ: “ಬಿಡಿ ಮೇಷ್ಟ್ರೇ, ನಮ್ಮದೇನು ದೆಹಲಿಯೇ?” ಆ ಪ್ರಶಸ್ತಿಗಳು ಅಳೆದದ್ದು ಕಸದ ವಿಲೇವಾರಿಯನ್ನು, ಶೌಚಾಲಯಗಳನ್ನು, ಬೀದಿಯ ನೈರ್ಮಲ್ಯವನ್ನು. ನಾವು ಉಸಿರಾಡುವ ಗಾಳಿಯನ್ನು ಅವು ಅಳೆಯಲಿಲ್ಲ. ಗುಡಿಸಿದ ರಸ್ತೆಯ ಮೇಲೆಯೇ ಸಾವಿರಾರು ಸೈಲೆನ್ಸರ್‌ಗಳು ಹೊಗೆ ಉಗುಳುತ್ತಿರುತ್ತವೆ. ಪೊರಕೆಗೆ ಆ ಹೊಗೆ ಸಿಕ್ಕುವುದಿಲ್ಲ. ನಾನು ಇಲ್ಲಿ ಪ್ರತಿಪಾದಿಸಬೇಕೆಂದಿರುವ ವಿಷಯ ಸರಳವಾದುದು. ಮೈಸೂರಿನ ಗಾಳಿ ಶುದ್ಧವೆಂದು ನಾವು ಹೇಳುತ್ತಿರುವುದು ಅಳೆದು ನೋಡಿ ಅಲ್ಲ. ಮಕ್ಕಳು, ಬಡವರು, ಬೀದಿ ಬದಿಯವರು ಉಸಿರಾಡುವ ಜಾಗದಲ್ಲಿ ನಾವು ಅಳೆಯುತ್ತಲೇ ಇಲ್ಲವಾದ್ದರಿಂದ ಹಾಗೆ ಹೇಳಲು ಸಾಧ್ಯವಾಗಿದೆ.

ಮೊದಲು ಈಗ ಅಳೆಯುತ್ತಿರುವುದೇನು ಎಂಬುದನ್ನು ನೋಡೋಣ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 1984ರಿಂದ ದೇಶದಾದ್ಯಂತ ಗಾಳಿಯ ಗುಣಮಟ್ಟವನ್ನು ಪರೀಕ್ಷಿಸುವ ಕಾರ್ಯಕ್ರಮವೊಂದನ್ನು ನಡೆಸಿಕೊಂಡು ಬಂದಿದೆ. ನಮ್ಮ ಊರಿನಲ್ಲಿ ಅದರ ಹೊಣೆ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯದು. ಕೆ.ಆರ್. ವೃತ್ತದ ಬಳಿ ಮತ್ತು ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಸೋಸು ಕಾಗದವನ್ನು ಕೈಯಿಂದ ಬದಲಿಸಿ, ತೂಗಿ, ಲೆಕ್ಕ ಹಾಕುವ ಹಳೆಯ ಪದ್ಧತಿಯ ಕೇಂದ್ರಗಳನ್ನು ಇಟ್ಟದ್ದು ಈ ಕಾರ್ಯಕ್ರಮದಡಿಯಲ್ಲಿಯೇ. ಇಂತಹ ಕೇಂದ್ರ ವಾರಕ್ಕೆ ಎರಡು ದಿನ ಮಾತ್ರ ಗಾಳಿಯನ್ನು ಸೆಳೆಯುತ್ತದೆ. ವರ್ಷದ 365 ದಿನಗಳಲ್ಲಿ ಅದು ಕಣ್ಣು ತೆರೆಯುವುದು ಹೆಚ್ಚೆಂದರೆ 104 ದಿನ. ಕಣಗಳ ಮಾದರಿಯನ್ನು ಎಂಟೆಂಟು ಗಂಟೆಗಳ ಮೂರು ಪಾಳಿಗಳಲ್ಲಿ ತೆಗೆಯುವುದರಿಂದ ಶಾಲೆಯ ಗಂಟೆ ಬಾರಿಸುವ ಹೊತ್ತಿನ ದಟ್ಟ ಹೊಗೆಯೂ ನಡುಹಗಲಿನ ತೆಳು ಹೊಗೆಯೂ ಒಂದೇ ಕಾಗದದ ಮೇಲೆ ಬೆರೆತುಹೋಗುತ್ತವೆ. ಇನ್ನು ಗಂಟೆಗಂಟೆಗೂ ತಾನೇ ಅಳೆದು ಅಂತರ್ಜಾಲಕ್ಕೆ ಕಳುಹಿಸುವ ಸ್ವಯಂಚಾಲಿತ ಕೇಂದ್ರ. ಕೇಂದ್ರ ಮಂಡಳಿಯ ಜಾಲದಲ್ಲಿ ಮೈಸೂರಿನ ಹೆಸರಿನಲ್ಲಿ ಕಾಣುವುದು ನಗರದ ವಾಯವ್ಯಕ್ಕಿರುವ ಹೆಬ್ಬಾಳ ಒಂದನೇ ಹಂತದ ಕೇಂದ್ರ. ನಮ್ಮ ಮೊಬೈಲಿನಲ್ಲಿ ‘ಮೈಸೂರಿನ ಗಾಳಿ ಸಮಾಧಾನಕರ’ ಎಂದು ಹಸಿರು ಬಣ್ಣದಲ್ಲಿ ತೋರುವ ಅಂಕಿ ಬಹುಮಟ್ಟಿಗೆ ಹೆಬ್ಬಾಳದ ಒಂದು ಮೂಲೆಯದು. ಸಬರ್ಬನ್ ಬಸ್ ನಿಲ್ದಾಣದ ಎದುರು ಹೂವು ಮಾರುವ ತಾಯಿಗೂ ಆ ಅಂಕಿಗೂ ಏನು ಸಂಬಂಧ?

ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಅಂಕಪಟ್ಟಿ ಬರೆದ ಕೈ ನನ್ನದು. ಸರಾಸರಿ ಎಂಬುದು ಎಂತಹ ಮಾಯಾವಿ ಎಂಬುದು ಉಪಾಧ್ಯಾಯರಿಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿರಲಾರದು. ಐವತ್ತು ಮಕ್ಕಳ ತರಗತಿಯ ಸರಾಸರಿ ಅರವತ್ತೈದು ಅಂಕ ಎಂದು ಮುಖ್ಯೋಪಾಧ್ಯಾಯರಿಗೆ ವರದಿ ಕೊಡಬಹುದು, ಅವರು ಸಂತೋಷಪಡಬಹುದು. ಆದರೆ ಕೊನೆಯ ಬೆಂಚಿನಲ್ಲಿ ಹನ್ನೆರಡು ಅಂಕ ತೆಗೆದುಕೊಂಡು ತಲೆ ತಗ್ಗಿಸಿ ಕುಳಿತ ಹುಡುಗ ಆ ಅರವತ್ತೈದರಲ್ಲಿ ಎಲ್ಲಿದ್ದಾನೆ? ಅವನನ್ನು ಕಾಣಬೇಕಾದರೆ ಅವನ ಉತ್ತರಪತ್ರಿಕೆಯನ್ನೇ ತೆರೆಯಬೇಕು. ನಗರದ ಗಾಳಿಯ ವಾರ್ಷಿಕ ಸರಾಸರಿಯೂ ಹಾಗೆಯೇ. ಚಾಮುಂಡಿ ಬೆಟ್ಟದ ತಪ್ಪಲಿನ ತಂಗಾಳಿ ಆರ್‌ಎಂಸಿ ವೃತ್ತದ ಹೊಗೆಯನ್ನು ಕಾಗದದ ಮೇಲೆ ಮಾತ್ರ ತೊಳೆಯಬಲ್ಲದು, ಅಲ್ಲಿ ಮೂಟೆ ಹೊರುವವನ ಎದೆಯಲ್ಲಿ ಅಲ್ಲ.

ವಾಹನದ ಹೊಗೆಗೆ ಇನ್ನೊಂದು ಸ್ವಭಾವವಿದೆ. ಅದು ಕಾರ್ಖಾನೆಯ ಎತ್ತರದ ಚಿಮಣಿಯಿಂದ ಹೊರಟು ಊರಿನ ಮೇಲೆಲ್ಲ ಹರಡುವ ಹೊಗೆಯಂತಲ್ಲ. ನೆಲದಿಂದ ಒಂದೆರಡು ಅಡಿ ಎತ್ತರದಲ್ಲಿ ಹುಟ್ಟುತ್ತದೆ, ರಸ್ತೆಯ ಅಂಚಿನಲ್ಲಿ ಅತ್ಯಂತ ದಟ್ಟವಾಗಿರುತ್ತದೆ, ಕೆಲವು ನೂರು ಮೀಟರು ದೂರ ಸರಿಯುವಷ್ಟರಲ್ಲಿ ಊರಿನ ಉಳಿದ ಗಾಳಿಯೊಡನೆ ಬೆರೆತು ತೆಳುವಾಗುತ್ತದೆ. ಆದುದರಿಂದ ಅದನ್ನು ಅಳೆಯಬೇಕಾದುದು ರಸ್ತೆಯ ಅಂಚಿನಲ್ಲಿಯೇ. ಅಳತೆಯ ಯಂತ್ರದ ಮೂಗನ್ನು ನೆಲದಿಂದ ಮೂರರಿಂದ ಹತ್ತು ಮೀಟರು ಎತ್ತರದಲ್ಲಿಡಬೇಕೆಂಬುದು ನಿಯಮ. ಒಂದನೆಯ ತರಗತಿಯ ಮಗುವಿನ ಮೂಗು ಇರುವುದು ಒಂದು ಮೀಟರಿಗಿಂತ ಸ್ವಲ್ಪ ಮೇಲೆ. ನಿಂತ ಬಸ್ಸಿನ ಸೈಲೆನ್ಸರ್‌ಗೂ ಆ ಮೂಗಿಗೂ ಇರುವ ನೆಂಟಸ್ತಿಕೆಯನ್ನು ಕಟ್ಟಡದ ಮೇಲಿನ ಯಂತ್ರ ಕಾಣಲಾರದು. ನಾನು ಕೆಲಸ ಮಾಡಿದ ಶಾಲೆಯೊಂದು ಬಸ್ಸುಗಳು ಓಡಾಡುವ ರಸ್ತೆಗೆ ಅಂಟಿಕೊಂಡಿತ್ತು. ಸರದಿಯ ಮಕ್ಕಳು ಬೆಳಿಗ್ಗೆ ಕಿಟಕಿಯ ದಂಡೆಯನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದರು. ಒಳಗೋಡೆಯ ಕಡೆಯ ದಂಡೆಯಲ್ಲಿ ಸೀಮೆಸುಣ್ಣದ ಬಿಳಿ, ರಸ್ತೆಯ ಕಡೆಯ ದಂಡೆಯಲ್ಲಿ ಮಸಿಯ ಕಪ್ಪು. ಬಿಳಿ ಧೂಳು ಒಂದೇ ಸಲಕ್ಕೆ ಹೋಗುತ್ತಿತ್ತು. ಕಪ್ಪು ಜಿಡ್ಡಿನಂತೆ ಬಟ್ಟೆಗೆ ಹತ್ತಿಕೊಳ್ಳುತ್ತಿತ್ತು. ದಂಡೆಯನ್ನು ಒರೆಸಲು ಬಟ್ಟೆಯಿತ್ತು, ಶ್ವಾಸಕೋಶವನ್ನು ಒರೆಸಲು ಯಾವ ಬಟ್ಟೆಯಿದೆ?

‘ಎಲ್ಲ ಅಂಕಿಗಳೂ ಮಿತಿಯೊಳಗಿವೆ’ ಎಂಬ ಅಧಿಕೃತ ಸಮಾಧಾನವನ್ನೂ ಪರೀಕ್ಷಿಸಬೇಕು. ಯಾರು ಹಾಕಿದ ಮಿತಿ? 2009ರಲ್ಲಿ ನಮ್ಮ ದೇಶ ನಿಗದಿಪಡಿಸಿದ ಮಾನದಂಡದಂತೆ 2.5 ಮೈಕ್ರಾನಿಗಿಂತ ಸಣ್ಣ ಕಣಗಳ ವಾರ್ಷಿಕ ಸರಾಸರಿ ಒಂದು ಘನ ಮೀಟರ್ ಗಾಳಿಯಲ್ಲಿ 40 ಮೈಕ್ರೊಗ್ರಾಂ ಮೀರಬಾರದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 5. ಅಂದರೆ ನಮ್ಮ ಮಿತಿ ಎಂಟು ಪಟ್ಟು ಉದಾರಿ. ಹತ್ತು ಮೈಕ್ರಾನಿನವರೆಗಿನ ಕಣಗಳಿಗೆ ನಮ್ಮದು 60, ಅವರದು 15. ವಾಹನಗಳ ಇಂಜಿನ್ನಿನಿಂದ ನೇರವಾಗಿ ಬರುವ ನೈಟ್ರೊಜನ್ ಡೈಆಕ್ಸೈಡಿಗೆ ನಮ್ಮದು 40, ಅವರದು 10. ಉತ್ತೀರ್ಣನಾಗಲು ಬೇಕಾದ ಅಂಕವನ್ನು ಮೂವತ್ತೈದರಿಂದ ಐದಕ್ಕೆ ಇಳಿಸಿ ‘ನೂರಕ್ಕೆ ನೂರು ಫಲಿತಾಂಶ’ ಎಂದು ಫಲಕ ಕಟ್ಟಿದ ಶಾಲೆಯನ್ನು ನಾವು ಏನೆಂದು ಕರೆಯುತ್ತೇವೆ? ಅದೇ ಮಾತನ್ನು ಇಲ್ಲಿಯೂ ಹೇಳಲು ಸಂಕೋಚವೇಕೆ?

ಈ ಉದಾರ ಮಿತಿಯ ಒಂದು ಪರಿಣಾಮ ನೋಡಿ. 2019ರ ಜನವರಿಯಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮವನ್ನು ಆರಂಭಿಸಿತು. ಸತತವಾಗಿ ಮಾನದಂಡ ಮೀರಿದ ನಗರಗಳನ್ನು ಆರಿಸಿ ಅವಕ್ಕೆ ಕ್ರಿಯಾಯೋಜನೆ, ಹಣ, ಗುರಿಗಳನ್ನು ಕೊಡುವುದು ಅದರ ಕ್ರಮ. ಕರ್ನಾಟಕದಿಂದ ಆಯ್ಕೆಯಾದವು ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ ಮತ್ತು ಕಲಬುರಗಿ. ಮೈಸೂರು ಅದರಲ್ಲಿಲ್ಲ. ಆ ಪಟ್ಟಿಯ ನಗರಗಳಿಗಾಗಿ ನಡೆಯುವ ‘ಸ್ವಚ್ಛ ವಾಯು ಸರ್ವೇಕ್ಷಣೆ’ಯಲ್ಲಿಯೂ ಆದ್ದರಿಂದ ನಮ್ಮ ಹೆಸರಿಲ್ಲ. ಅನೇಕರು ಇದನ್ನು ಗೌರವವೆಂದು ಭಾವಿಸಿದ್ದಾರೆ. ನನಗೆ ಇದು ವಿಚಿತ್ರ ಬಗೆಯ ಶಿಕ್ಷೆಯಾಗಿ ಕಾಣುತ್ತದೆ. ಕಡಿಮೆ ಕೇಂದ್ರಗಳಿರುವ ಊರಿನಲ್ಲಿ ಹದಗೆಟ್ಟ ಜಾಗಗಳು ಕಣ್ಣಿಗೆ ಬೀಳುವುದಿಲ್ಲ. ಕಣ್ಣಿಗೆ ಬೀಳದ್ದರಿಂದ ಪಟ್ಟಿಗೆ ಸೇರುವುದಿಲ್ಲ. ಪಟ್ಟಿಗೆ ಸೇರದ್ದರಿಂದ ಹೊಸ ಕೇಂದ್ರಗಳಿಗೆ ಆ ಕಾರ್ಯಕ್ರಮದ ಹಣ ಬರುವುದಿಲ್ಲ. ಗಾಣದೆತ್ತು ಎಷ್ಟು ಸುತ್ತಿದರೂ ಇದ್ದಲ್ಲಿಯೇ ಇರುವಂತೆ ನಾವೂ ಇದ್ದೇವೆ.

ಇಷ್ಟು ಗಾಳಿಯ ಮಾತಾಯಿತು. ಇನ್ನು ಆ ಗಾಳಿಗೆ ಹೊಗೆ ಸೇರಿಸುವ ವಾಹನಗಳನ್ನು ಹೇಗೆ ಪರೀಕ್ಷಿಸುತ್ತಿದ್ದೇವೆ? 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 115ನೆಯ ನಿಯಮದಂತೆ ಪ್ರತಿ ವಾಹನಕ್ಕೂ ಮಾಲಿನ್ಯ ನಿಯಂತ್ರಣದಲ್ಲಿದೆಯೆಂಬ ಪ್ರಮಾಣಪತ್ರ ಇರತಕ್ಕದ್ದು. ನಾವೆಲ್ಲ ‘ಎಮಿಷನ್ ಟೆಸ್ಟ್’ ಎಂದು ಕರೆಯುವುದು ಇದನ್ನೇ. ಪೆಟ್ರೋಲ್ ವಾಹನವಾದರೆ ಇಂಜಿನ್ ಚಾಲೂ ಮಾಡಿ, ವಾಹನ ನಿಂತಲ್ಲಿಯೇ ನಿಂತಿರುವಾಗ, ಸೈಲೆನ್ಸರ್‌ನೊಳಗೆ ಕೊಳವೆ ತೂರಿಸಿ ಕಾರ್ಬನ್ ಮಾನಾಕ್ಸೈಡನ್ನೂ ಹೈಡ್ರೊಕಾರ್ಬನ್ನನ್ನೂ ಅಳೆಯುತ್ತಾರೆ. ಡೀಸೆಲ್ ವಾಹನವಾದರೆ ನಿಂತಲ್ಲಿಯೇ ಆಕ್ಸಿಲರೇಟರ್ ಒತ್ತಿ ಹೊಗೆ ಬೆಳಕನ್ನು ಎಷ್ಟು ಮರೆಮಾಡುತ್ತದೆಂದು ನೋಡುತ್ತಾರೆ. ನೈಟ್ರೊಜನ್ನಿನ ಆಕ್ಸೈಡುಗಳನ್ನು ಈ ಪರೀಕ್ಷೆ ಅಳೆಯುವುದಿಲ್ಲ. ಶ್ವಾಸಕೋಶದ ಆಳಕ್ಕೆ ಇಳಿಯುವ ಸೂಕ್ಷ್ಮ ಕಣಗಳನ್ನೂ ತೂಗುವುದಿಲ್ಲ. ವಾಹನಗಳ ಹೊಗೆಯಲ್ಲಿ ಇಂದು ನಾವು ಹೆಚ್ಚು ಭಯಪಡಬೇಕಾದ ಎರಡೂ ವಸ್ತುಗಳು ಪ್ರಶ್ನಪತ್ರಿಕೆಯಲ್ಲಿಯೇ ಇಲ್ಲ. ಸಾಲದೆಂಬಂತೆ, ಭಾರ ಹೊತ್ತು ದಿಬ್ಬ ಏರುವ ಲಾರಿ ಉಗುಳುವ ಹೊಗೆಯನ್ನು ಖಾಲಿ ಲಾರಿಯನ್ನು ನಿಲ್ಲಿಸಿ ಅಳೆದರೆ ತಿಳಿಯುವುದಾದರೂ ಹೇಗೆ? ಓಟದ ಸ್ಪರ್ಧೆಗೆ ಹುಡುಗನನ್ನು ಆರಿಸಲು ಅವನನ್ನು ಕುರ್ಚಿಯ ಮೇಲೆ ಕೂರಿಸಿ ನಾಡಿ ನೋಡಿದಂತೆ.

ಇಷ್ಟು ಅಪೂರ್ಣವಾದ ಪರೀಕ್ಷೆಯಾದರೂ ನೆಟ್ಟಗೆ ನಡೆಯುತ್ತದೆಯೇ? ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ಸ್ಕೂಟರನ್ನು ರಸ್ತೆ ಬದಿಯ ತಪಾಸಣೆಯ ವ್ಯಾನಿನ ಬಳಿಗೆ ಒಯ್ದಿದ್ದೆ. ಅಲ್ಲಿದ್ದ ತರುಣ ಮುಂದಿನ ನಂಬರ್ ಪ್ಲೇಟಿನ ಚಿತ್ರ ತೆಗೆದ, ಗುಂಡಿಯೊಂದನ್ನು ಒತ್ತಿದ, ಚೀಟಿ ಹೊರಬಂತು. ಕೊಳವೆ ಸ್ಕೂಟರಿನ ಸೈಲೆನ್ಸರನ್ನು ಮುಟ್ಟಲೇ ಇಲ್ಲ. ಇಂಜಿನ್ ಆರಿಯೇ ಇತ್ತು. “ಏನಪ್ಪಾ, ಹೊಗೆ ನೋಡಲೇ ಇಲ್ಲವಲ್ಲ?” ಎಂದು ಕೇಳಿದೆ. “ನಿಮ್ಮ ಗಾಡಿ ಪಾಸ್ ಆಗಿದೆ ಸಾರ್, ಇನ್ನೇನು ಬೇಕು?” ಎಂದ. ಮತ್ತೆ ಒತ್ತಾಯಿಸಿ ಕೊಳವೆ ಹಾಕಿಸಿ ಅಳೆಸಿದೆ. ಹಿಂದೆ ನಿಂತಿದ್ದ ನಾಲ್ಕಾರು ಮಂದಿ ಗೊಣಗಿದರು. ಆ ತರುಣನ ಮೇಲೆ ನನಗೆ ಕೋಪವಿಲ್ಲ. ಉತ್ತರಪತ್ರಿಕೆ ಓದದೆ ಅಂಕ ಹಾಕುವ ವ್ಯವಸ್ಥೆಯನ್ನು ಅವನು ಕಟ್ಟಿದವನಲ್ಲ, ಅದರಲ್ಲಿ ದಿನಗೂಲಿ ಮಾಡುವವನು. ಆದರೆ ಆ ಚೀಟಿ ನನ್ನ ವಾಹನದ ಬಗೆಗೆ ಸರ್ಕಾರಕ್ಕೆ ಗೊತ್ತಿರುವ ಏಕೈಕ ಸತ್ಯವಾಗಿ ದಾಖಲೆ ಸೇರುತ್ತಿತ್ತು ಎಂಬುದನ್ನು ನೆನೆದರೆ ಇಂದಿಗೂ ಅಳುಕಾಗುತ್ತದೆ.

ಇದು ಒಬ್ಬ ಮೇಷ್ಟರ ಒಂದು ದಿನದ ಅನುಭವ ಎಂದು ತಳ್ಳಿಹಾಕಬಹುದು. ಹಾಗಾದರೆ ದೇಶದ ಮಹಾಲೇಖಪಾಲರ ಮಾತನ್ನು ಕೇಳಿ. ದೆಹಲಿಯ ವಾಹನ ಮಾಲಿನ್ಯದ ಬಗೆಗೆ ಅವರು ಸಿದ್ಧಪಡಿಸಿದ ವರದಿ 2025ರ ಏಪ್ರಿಲ್‌ನಲ್ಲಿ ಅಲ್ಲಿನ ವಿಧಾನಸಭೆಯಲ್ಲಿ ಮಂಡನೆಯಾಯಿತು. 2015ರಿಂದ 2020ರ ನಡುವಿನ ದಾಖಲೆಗಳನ್ನು ಕೆದಕಿದಾಗ, ಮಿತಿ ಮೀರಿ ಹೊಗೆ ಉಗುಳಿದರೂ ‘ಪಾಸ್’ ಎಂಬ ಪ್ರಮಾಣಪತ್ರ ಪಡೆದ ವಾಹನಗಳು 1.08 ಲಕ್ಷದಷ್ಟು ಸಿಕ್ಕವು. 76,865 ಪ್ರಕರಣಗಳಲ್ಲಿ ತಪಾಸಣೆ ಮಾಡಿ ಪತ್ರ ಕೊಡುವ ಇಡೀ ಕೆಲಸ ಒಂದೇ ನಿಮಿಷದಲ್ಲಿ ಮುಗಿದಿತ್ತು. ದೇಶದ ಕಣ್ಣೆಲ್ಲ ನೆಟ್ಟಿರುವ, ಸರ್ವೋಚ್ಚ ನ್ಯಾಯಾಲಯದ ಮೂಗಿನ ನೇರಕ್ಕಿರುವ ರಾಜಧಾನಿಯಲ್ಲಿ ಹೀಗಾದರೆ, ಯಾರೂ ಕೆದಕಿ ನೋಡದ ಊರುಗಳಲ್ಲಿ ಹೇಗಿರಬಹುದೆಂದು ಊಹಿಸುವುದು ಓದುಗರಿಗೆ ಬಿಟ್ಟದ್ದು.

ದೊಡ್ಡ ಕಂಪನಿಗಳೂ, ಮುಂದುವರಿದ ದೇಶಗಳೂ ಈ ವಿಷಯದಲ್ಲಿ ಹರಿಶ್ಚಂದ್ರನ ವಂಶದವರಲ್ಲ. ಫೋಕ್ಸ್‌ವ್ಯಾಗನ್ ಎಂಬ ಜರ್ಮನಿಯ ಹೆಸರಾಂತ ಕಂಪನಿ ತನ್ನ ಡೀಸೆಲ್ ಕಾರುಗಳಲ್ಲಿ ‘ಈಗ ಪರೀಕ್ಷೆ ನಡೆಯುತ್ತಿದೆ’ ಎಂಬುದನ್ನು ಗುರುತಿಸುವ ತಂತ್ರಾಂಶವನ್ನು ಅಡಗಿಸಿಟ್ಟಿತ್ತು. ಪ್ರಯೋಗಾಲಯದಲ್ಲಿ ಸಾಧುವಾಗಿರುತ್ತಿದ್ದ ಆ ಕಾರುಗಳು ರಸ್ತೆಗಿಳಿದರೆ ನೈಟ್ರೊಜನ್ ಆಕ್ಸೈಡುಗಳನ್ನು ಮಿತಿಯ 40 ಪಟ್ಟಿನವರೆಗೂ ಉಗುಳುತ್ತಿದ್ದವು. 2015ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇದನ್ನು ಬಯಲು ಮಾಡಿತು. ಜಗತ್ತಿನಾದ್ಯಂತ ಸುಮಾರು 1.1 ಕೋಟಿ ಕಾರುಗಳಲ್ಲಿ ಈ ತಂತ್ರಾಂಶವಿತ್ತೆಂದು ಕಂಪನಿಯೇ ಒಪ್ಪಿಕೊಂಡಿತು. ಈ ಮೋಸ ಹೊರಬಿದ್ದುದು ಹೇಗೆ? ವೆಸ್ಟ್ ವರ್ಜೀನಿಯ ವಿಶ್ವವಿದ್ಯಾಲಯದ ಸಂಶೋಧಕರು ಅಳತೆಯ ಯಂತ್ರವನ್ನು ಕಾರಿನ ಹಿಂಬದಿಯಲ್ಲಿಟ್ಟುಕೊಂಡು ರಸ್ತೆಯಲ್ಲಿ ಓಡಿಸಿ ನೋಡಿದರು, ಅಷ್ಟೇ. ಇಂದು ಇನ್ನೂ ಸುಲಭವಾದ ವಿಧಾನವಿದೆ. ರಸ್ತೆಗೆ ಅಡ್ಡಲಾಗಿ ಬೆಳಕಿನ ಕಿರಣ ಹಾಯಿಸಿ, ಓಡುತ್ತಿರುವ ವಾಹನದ ಹೊಗೆಯನ್ನು ಕ್ಷಣಾರ್ಧದಲ್ಲಿ ಅಳೆದು, ನಂಬರ್ ಪ್ಲೇಟಿನೊಡನೆ ದಾಖಲಿಸಬಹುದು. ದೆಹಲಿ ಮತ್ತು ಗುರುಗ್ರಾಮಗಳಲ್ಲಿ ಹೀಗೆ ಒಂದು ಲಕ್ಷಕ್ಕೂ ಹೆಚ್ಚು ಅಳತೆಗಳನ್ನು ಮಾಡಿದ ಅಧ್ಯಯನ 2024ರಲ್ಲಿ ಪ್ರಕಟವಾಯಿತು. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ವಾಹನಗಳು ಹಳೆಯವಕ್ಕಿಂತ ಎಷ್ಟೋ ಕಡಿಮೆ ಹೊಗೆ ಉಗುಳುತ್ತವೆಂಬುದೂ, ಆದರೂ ಪ್ರಯೋಗಾಲಯದ ಮಿತಿಯನ್ನು ರಸ್ತೆಯಲ್ಲಿ ಪಾಲಿಸುತ್ತಿಲ್ಲವೆಂಬುದೂ ಅದರಿಂದ ಒಟ್ಟಿಗೇ ತಿಳಿದವು. ಅಳೆದಾಗ ಸಿಹಿಯೂ ಕಹಿಯೂ ಎರಡೂ ಗೊತ್ತಾಗುತ್ತವೆ.

ಇದೆಲ್ಲ ಯಂತ್ರಗಳ ಮತ್ತು ಅಂಕಿಗಳ ಜಗಳವಲ್ಲ. ಪಣಕ್ಕಿಟ್ಟಿರುವುದು ಮಕ್ಕಳ ಉಸಿರು. ಬೆಂಗಳೂರಿನ ಮಕ್ಕಳ ಶ್ವಾಸಕೋಶ ತಜ್ಞರಾದ ಡಾ. ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬಂದ ಮಕ್ಕಳನ್ನು ದಶಕಗಳ ಕಾಲ ತಾಳ್ಮೆಯಿಂದ ಎಣಿಸುತ್ತ ಬಂದರು. 1979ರಲ್ಲಿ ನೂರಕ್ಕೆ 9 ಮಕ್ಕಳಲ್ಲಿದ್ದ ಆಸ್ತಮಾ 1999ರ ವೇಳೆಗೆ 29.5ಕ್ಕೆ ಏರಿತ್ತು. ಶಾಲಾಮಕ್ಕಳ ಸಮೀಕ್ಷೆಯಲ್ಲಿ ವಾಹನದಟ್ಟಣೆಯ ಪ್ರದೇಶದ ಶಾಲೆಗಳಲ್ಲಿ ನೂರಕ್ಕೆ 19.34 ಮಕ್ಕಳಿಗೆ ಆಸ್ತಮಾ ಇದ್ದರೆ ದಟ್ಟಣೆ ಕಡಿಮೆಯಿರುವ ಕಡೆಯ ಶಾಲೆಗಳಲ್ಲಿ 11.15 ಮಕ್ಕಳಿಗಿತ್ತು. ಆಸ್ತಮಾಕ್ಕೆ ಹೊಗೆಯೊಂದೇ ಕಾರಣವಲ್ಲ. ಬಡತನ, ಮನೆಯೊಳಗಿನ ಹೊಗೆ, ಅನುವಂಶೀಯತೆಗಳೂ ಇವೆ. ಆದರೆ ಎಣಿಸಿದ ವೈದ್ಯರೊಬ್ಬರಿದ್ದುದರಿಂದ ಬೆಂಗಳೂರಿಗೆ ಈ ಪ್ರಶ್ನೆಯಾದರೂ ಸಿಕ್ಕಿತು. ಚಳಿಗಾಲದ ಬೆಳಗುಗಳಲ್ಲಿ ಹಾಜರಿ ಕೂಗುವಾಗ ಕೆಮ್ಮಿನ ಸದ್ದಿನಿಂದ ಹೆಸರುಗಳೇ ಕೇಳದಂತಾಗುತ್ತಿದ್ದುದು ನನಗೆ ನೆನಪಿದೆ. ಹಾಜರಿ ಪುಸ್ತಕದಲ್ಲಿ ಬಾರದ ಮಗುವಿನ ಹೆಸರಿನ ಮುಂದೆ ‘ಗೈರು’ ಎಂದಷ್ಟೇ ಬರೆಯುವುದು ಪದ್ಧತಿ. ಕಾರಣ ಬರೆಯುವ ಅಂಕಣ ನಮ್ಮ ಯಾವ ಶಾಲೆಯ ಪುಸ್ತಕದಲ್ಲಿಯೂ ಇರಲಿಲ್ಲ.

ಅಳತೆಗೂ ನ್ಯಾಯಕ್ಕೂ ಇರುವ ಸಂಬಂಧವನ್ನು ಲಂಡನ್ ನಗರದ ಪ್ರಕರಣವೊಂದು ನನಗೆ ಮನಗಾಣಿಸಿತು. ಎಲಾ ಅಡೂ-ಕಿಸ್ಸಿ-ಡೆಬ್ರಾ ಎಂಬ ಒಂಬತ್ತು ವರ್ಷದ ಬಾಲಕಿ ವಾಹನಗಳು ಎಡೆಬಿಡದೆ ಓಡುವ ಸೌತ್ ಸರ್ಕ್ಯುಲರ್ ರಸ್ತೆಯ ಸಮೀಪದಲ್ಲಿ ವಾಸವಾಗಿದ್ದಳು. ತೀವ್ರ ಆಸ್ತಮಾದಿಂದ ಮತ್ತೆ ಮತ್ತೆ ಆಸ್ಪತ್ರೆ ಸೇರಿ 2013ರ ಫೆಬ್ರವರಿಯಲ್ಲಿ ತೀರಿಕೊಂಡಳು. 2014ರ ಮೊದಲ ವಿಚಾರಣೆಯಲ್ಲಿ ಗಾಳಿಯ ಮಾತೇ ಬರಲಿಲ್ಲ. ತಾಯಿ ರೋಸಮಂಡ್ ಸುಮ್ಮನಾಗಲಿಲ್ಲ. ಪ್ರೊಫೆಸರ್ ಸ್ಟೀಫನ್ ಹೋಲ್ಗೇಟ್ ಎಂಬ ತಜ್ಞರು ಆ ಮಗುವಿನ ಕಾಯಿಲೆಯ ದಾಖಲೆಗಳನ್ನೂ, ಮನೆಯಿಂದ ಸುಮಾರು ಒಂದು ಮೈಲಿ ದೂರದಲ್ಲಿದ್ದ ವಾಯು ಮಾಪನ ಕೇಂದ್ರದ ದಾಖಲೆಗಳನ್ನೂ ಎದುರುಬದುರು ಇಟ್ಟು ನೋಡಿದರು. ಆ ಕೇಂದ್ರದಲ್ಲಿ ಮಾಲಿನ್ಯ ಕಾನೂನಿನ ಮಿತಿಯನ್ನು ಸತತವಾಗಿ ಮೀರಿದ್ದುದು ಕಂಡುಬಂತು. 2020ರ ಡಿಸೆಂಬರ್ 16ರಂದು, ಎರಡನೆಯ ವಿಚಾರಣೆಯ ಕೊನೆಗೆ, ಸಾವಿನ ಕಾರಣಗಳಲ್ಲಿ ವಾಯುಮಾಲಿನ್ಯವೂ ಒಂದು ಎಂದು ಅಧಿಕೃತವಾಗಿ ಬರೆಯಲಾಯಿತು. ಆ ದೇಶದಲ್ಲಿ ಅಂತಹ ಬರಹ ಅದೇ ಮೊದಲು. ಒಂದು ಕ್ಷಣ ಯೋಚಿಸಿ. ಒಂದು ಮೈಲಿ ದೂರದಲ್ಲಿ ಆ ಕೇಂದ್ರವೇ ಇಲ್ಲದಿದ್ದರೆ ಆ ತಾಯಿ ಯಾವ ಸಾಕ್ಷಿಯನ್ನು ಹಿಡಿದು ನ್ಯಾಯಾಲಯಕ್ಕೆ ಹೋಗುತ್ತಿದ್ದಳು? ನಮ್ಮ ಅಗ್ರಹಾರದಲ್ಲೋ ಅಶೋಕ ರಸ್ತೆಯಲ್ಲೋ ಇರುವ ತಾಯಿಗೆ ಅಂತಹ ಗತಿ ಬಂದರೆ, ಹೆಬ್ಬಾಳದ ಹಸಿರು ಅಂಕಿಯನ್ನು ತೋರಿಸಿ ‘ನಿಮ್ಮ ಗಾಳಿ ಸಮಾಧಾನಕರವಾಗಿತ್ತಮ್ಮ’ ಎನ್ನುತ್ತೇವೆಯೇ?

ನನ್ನ ವಾದಕ್ಕೆ ಬರುವ ಆಕ್ಷೇಪಣೆಗಳು ನನಗೆ ತಿಳಿಯದವಲ್ಲ. ಮೊದಲನೆಯದು ಖರ್ಚು. ಪೂರ್ಣ ಪ್ರಮಾಣದ ಸ್ವಯಂಚಾಲಿತ ಕೇಂದ್ರ ದುಬಾರಿ ಎಂಬುದು ನಿಜ. ಆದರೆ ಗೋಡೆಗೆ ತೂಗುಹಾಕಬಹುದಾದ ಅಗ್ಗದ ಸಂವೇದಕಗಳು ಈಗ ದೊರೆಯುತ್ತವೆ. ತೇವಾಂಶ ಹೆಚ್ಚಿದಾಗ ಅವು ತಪ್ಪುತ್ತವೆ, ಆಗಾಗ ದೊಡ್ಡ ಯಂತ್ರದ ಪಕ್ಕದಲ್ಲಿಟ್ಟು ತಿದ್ದಬೇಕಾಗುತ್ತದೆ, ಇದೂ ನಿಜ. ಮನೆಯ ಥರ್ಮಾಮೀಟರು ಆಸ್ಪತ್ರೆಯ ಪ್ರಯೋಗಾಲಯಕ್ಕೆ ಸಮವಲ್ಲವೆಂದು ಜ್ವರ ಬಂದ ಮಗುವಿಗೆ ಅದನ್ನು ಇಡದೆ ಕೂರುತ್ತೇವೆಯೇ? ಎರಡನೆಯ ಆಕ್ಷೇಪಣೆ, ಗಾಳಿ ಕೆಡುವುದು ವಾಹನಗಳಿಂದ ಮಾತ್ರವೇ ಎಂಬುದು. ಅಲ್ಲ. ಕಟ್ಟಡ ಕೆಲಸದ ಧೂಳು, ಖಾಲಿ ನಿವೇಶನಗಳಲ್ಲಿ ಸುಡುವ ಕಸ, ಟೈರು ಮತ್ತು ಬ್ರೇಕಿನ ಸವೆತ, ರಸ್ತೆಯ ಮಣ್ಣು ಎಲ್ಲವೂ ಇವೆ. ಯಾವುದರ ಪಾಲು ಎಷ್ಟೆಂದು ಹೇಳಲಿಕ್ಕೇ ಅಳತೆ ಬೇಕು. ಮೂರನೆಯದು, ‘ಬಡ ಆಟೋ ಚಾಲಕರ ಹೊಟ್ಟೆಯ ಮೇಲೆ ಹೊಡೆಯುತ್ತೀರಾ?’ ಎಂಬ ಪ್ರಶ್ನೆ. ದಿನಕ್ಕೆ ಹನ್ನೆರಡು ಗಂಟೆ ಆ ಹೊಗೆಯ ನಡುವೆಯೇ ಕುಳಿತಿರುವವನು ಆ ಚಾಲಕನೇ. ಅವನ ಪಕ್ಕದಲ್ಲಿ ಸಂಚಾರಿ ಪೊಲೀಸ್ ಪೇದೆ, ಪಾದಚಾರಿ ಮಾರ್ಗದ ವ್ಯಾಪಾರಿ. 2012ರಲ್ಲಿಯೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಡೀಸೆಲ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ವರ್ಗಕ್ಕೆ ಸೇರಿಸಿದೆ. ಗಾಜು ಏರಿಸಿ ಕಾರಿನಲ್ಲಿ ಕುಳಿತವರು ಬಡವರ ಹೆಸರಿನಲ್ಲಿ ಈ ಅಳತೆಯನ್ನು ಬೇಡವೆನ್ನುವುದು ನನಗೆ ಸಭ್ಯವಾಗಿ ಕಾಣುವುದಿಲ್ಲ.

ಮನಸ್ಸು ಮಾಡಿದರೆ ಈ ಊರಿಗೆ ಇದು ಅಸಾಧ್ಯವಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ಲೇಗ್ ಮಾರಿ ಬಂದೆರಗಿದಾಗ ಮೈಸೂರು ‘ನಮ್ಮದೇನು ಬೊಂಬಾಯಿಯೇ?’ ಎಂದು ಕೈಕಟ್ಟಿ ಕೂರಲಿಲ್ಲ. 1903ರಲ್ಲಿ ನಗರ ಸುಧಾರಣಾ ಟ್ರಸ್ಟ್ ಮಂಡಳಿ ಸ್ಥಾಪನೆಯಾಯಿತು. ದೇಶದ ಮೊದಮೊದಲ ಇಂತಹ ಸಂಸ್ಥೆಗಳಲ್ಲಿ ಅದೂ ಒಂದು. ಇಕ್ಕಟ್ಟಿನ ಕೇರಿಗಳಿಗೆ ಗಾಳಿ ಬೆಳಕು ಬರಬೇಕೆಂಬ ಕಾಳಜಿಯಿಂದ ಅಗಲ ರಸ್ತೆಗಳ ಹೊಸ ಬಡಾವಣೆಗಳು ಮೂಡಿದವು. ಇಂದು ನಾವು ಪ್ರವಾಸಿಗರಿಗೆ ತೋರಿಸಿ ಬೀಗುವ ಮೈಸೂರು ಗಾಳಿಯ ಚಿಂತೆಯಿಂದ ಹುಟ್ಟಿದ ಮೈಸೂರು. ಆ ಅಗಲ ರಸ್ತೆಗಳನ್ನೇ ನಾವು ಹೊಗೆಯಿಂದ ತುಂಬಿಸಿದ್ದೇವೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ 118 ಕಿಲೋಮೀಟರಿನ ದಶಪಥ ಬೆಂಗಳೂರಿನಿಂದ ವಾಹನಗಳ ಪ್ರವಾಹವನ್ನೇ ನಮ್ಮ ಬಾಗಿಲಿಗೆ ತಂದು ಸುರಿಯುತ್ತಿದೆ. 2025ರ ಏಪ್ರಿಲ್‌ನಲ್ಲಿ ಹೈದರಾಲಿ ರಸ್ತೆಯ 40 ಮರಗಳು ರಸ್ತೆ ವಿಸ್ತರಣೆಗೆಂದು ನೆಲಕ್ಕುರುಳಿದವು. ದಸರಾ ಹತ್ತು ದಿನಗಳ ಮಾತಂತೂ ಬೇಡವೇ ಬೇಡ. ವಾಹನಗಳನ್ನು ಬರಮಾಡಿಕೊಳ್ಳುವ ಲೆಕ್ಕ ನಮ್ಮಲ್ಲಿ ಕಿಲೋಮೀಟರುಗಳಲ್ಲಿ, ಕೋಟಿ ರೂಪಾಯಿಗಳಲ್ಲಿ ಸಿದ್ಧವಾಗಿದೆ. ಅವು ಬಿಟ್ಟುಹೋಗುವ ಹೊಗೆಯ ಲೆಕ್ಕ ಮಾತ್ರ ಯಾರ ಪುಸ್ತಕದಲ್ಲಿಯೂ ಇಲ್ಲ.

ಹಾಗಾದರೆ ಮಾಡಬೇಕಾದುದೇನು? ಸಬರ್ಬನ್ ಬಸ್ ನಿಲ್ದಾಣ, ಆರ್‌ಎಂಸಿ ವೃತ್ತ, ಅಗ್ರಹಾರ, ಹುಣಸೂರು ರಸ್ತೆ, ದಶಪಥ ಬಂದು ಸೇರುವ ಜಂಕ್ಷನ್ ಇವುಗಳ ಅಂಚಿನಲ್ಲಿ ನಿರಂತರ ಮಾಪನವಾಗಬೇಕು. ಪ್ರತಿ ವಾರ್ಡಿನಲ್ಲಿ ಕನಿಷ್ಠ ಒಂದು ಶಾಲೆಯ ಗೇಟಿನ ಬಳಿ, ಮಕ್ಕಳ ಮೂಗಿನ ಎತ್ತರದಲ್ಲಿ, ಸಂವೇದಕವೊಂದಿರಬೇಕು. ಅದು ತೋರುವ ಅಂಕಿ ಅಂತರ್ಜಾಲದ ಯಾವುದೋ ಮೂಲೆಯಲ್ಲಿ ಅಡಗಿರದೆ, ಅದೇ ಗೇಟಿನ ಮೇಲೆ ಕನ್ನಡದಲ್ಲಿ ಕಾಣಬೇಕು. ಮಾನಸಗಂಗೋತ್ರಿಯಲ್ಲಿ ಪರಿಸರ ವಿಜ್ಞಾನ ವಿಭಾಗವಿದೆ, ಊರಿನಲ್ಲಿ ಇಂಜಿನಿಯರಿಂಗ್ ಕಾಲೇಜುಗಳಿವೆ. ಯಂತ್ರಗಳನ್ನು ತಿದ್ದಿ ತೀಡುವ ಕೆಲಸಕ್ಕೆ ವಿದ್ಯಾರ್ಥಿಗಳಿಗಿಂತ ಉತ್ತಮ ಕೈಗಳು ಸಿಕ್ಕಲಾರವು. ಎಮಿಷನ್ ತಪಾಸಣೆಯ ಕೇಂದ್ರಗಳಲ್ಲಿ ಕೊಳವೆ ಸೈಲೆನ್ಸರ್‌ನೊಳಗಿರುವುದು ಕಾಣುವಂತೆ ಚಿತ್ರೀಕರಣ ಕಡ್ಡಾಯವಾಗಬೇಕು, ಅವುಗಳ ದಾಖಲೆಯನ್ನು ಹೊರಗಿನವರು ಪರಿಶೀಲಿಸಬೇಕು. ಓಡುವ ವಾಹನದ ಹೊಗೆ ಅಳೆಯುವ ಬೆಳಕಿನ ಯಂತ್ರ ವರ್ಷಕ್ಕೆ ಕೆಲವು ವಾರವಾದರೂ ನಮ್ಮ ರಸ್ತೆಗಳಲ್ಲಿ ನಿಲ್ಲಬೇಕು. 1981ರ ವಾಯು ಕಾಯಿದೆಯ 20ನೆಯ ಪರಿಚ್ಛೇದ, ವಾಹನಗಳ ಹೊಗೆಯ ವಿಷಯದಲ್ಲಿ ನೋಂದಣಿ ಪ್ರಾಧಿಕಾರಗಳಿಗೆ ಸೂಚನೆ ಕೊಡುವ ಅಧಿಕಾರವನ್ನು ಮಂಡಳಿಯೊಡನೆ ಸಮಾಲೋಚಿಸಿದ ರಾಜ್ಯ ಸರ್ಕಾರಕ್ಕೆ ಕೊಟ್ಟಿದೆ. ಗಾಳಿ ಅಳೆಯುವ ಮಂಡಳಿ ಒಂದು ದಿಕ್ಕಿಗೆ, ವಾಹನ ಅಳೆಯುವ ಸಾರಿಗೆ ಇಲಾಖೆ ಇನ್ನೊಂದು ದಿಕ್ಕಿಗೆ ಮುಖ ಮಾಡಿ ಕುಳಿತಿರಬೇಕೆಂದು ಯಾವ ಕಾನೂನೂ ಹೇಳಿಲ್ಲ.

ದೇಶದಲ್ಲಿ ಸೀಸರಹಿತ ಪೆಟ್ರೋಲ್ 2000ದ ಫೆಬ್ರವರಿ 1ರಿಂದ ಕಡ್ಡಾಯವಾಯಿತು. ಮಕ್ಕಳ ರಕ್ತದಲ್ಲಿ ಸೀಸವಿದೆಯೆಂದು ಜಗತ್ತಿನ ಬೇರೆ ಬೇರೆ ಕಡೆ ಯಾರೋ ಪಟ್ಟು ಹಿಡಿದು ಅಳೆದುದರಿಂದ ಅದು ಸಾಧ್ಯವಾಯಿತು. ಅಳೆಯುವವರೆಗೆ ಎಲ್ಲರ ಪೆಟ್ರೋಲೂ ನಿರಪಾಯಕಾರಿಯೇ ಆಗಿತ್ತು. ನಮ್ಮ ಗಾಳಿಯೂ ಅಳೆಯುವವರೆಗೆ ಹಾಗೆಯೇ ಇರುತ್ತದೆ. ಅಳೆದ ಮೇಲೆ ಮೈಸೂರು ನಿಜವಾಗಿಯೂ ಶುದ್ಧವೆಂದು ತಿಳಿದರೆ ಮೊದಲು ಸಿಹಿ ಹಂಚುವವನು ನಾನು. ಅಲ್ಲವೆಂದು ತಿಳಿದರೆ, ಯಾವ ರಸ್ತೆಯಲ್ಲಿ, ಯಾವ ಹೊತ್ತಿನಲ್ಲಿ, ಯಾವ ವಾಹನದಿಂದ ಎಂಬುದೂ ಅದರೊಡನೆಯೇ ತಿಳಿಯುತ್ತದೆ. ಚಿಕಿತ್ಸೆ ಅಲ್ಲಿಂದ ಆರಂಭವಾಗುತ್ತದೆ. ನಿಮ್ಮ ಮನೆಯ ಮಗು ಹೋಗುವ ಶಾಲೆಯ ಆಡಳಿತದವರನ್ನೂ, ನಿಮ್ಮ ವಾರ್ಡಿನ ಪಾಲಿಕೆ ಕಚೇರಿಯವರನ್ನೂ ಈ ವಾರ ಒಂದೇ ಒಂದು ಪ್ರಶ್ನೆ ಕೇಳಿ: “ಈ ಗೇಟಿನ ಮುಂದಿನ ಗಾಳಿಯನ್ನು ಯಾರು, ಯಾವಾಗ ಅಳೆದಿದ್ದಾರೆ?” ಉತ್ತರ ಬಾರದಿದ್ದರೆ ಮುಂದಿನ ವಾರ ಮತ್ತೆ ಕೇಳಿ. ಪಾಠ ಒಪ್ಪಿಸದ ವಿದ್ಯಾರ್ಥಿಯನ್ನು ಮರುದಿನ ಮತ್ತೆ ಎಬ್ಬಿಸಿ ಕೇಳುವುದು ನಮ್ಮ ಕಾಲದ ಮೇಷ್ಟರುಗಳ ಕ್ರಮ. ಅದರಿಂದ ಎಷ್ಟೋ ಮಂದಿ ಕಲಿತಿದ್ದಾರೆ.